ಏಳನೇ ಪುಟ ಕಾಣೆಯಾದ ದಿನ

ಹಲ್ಲಿನ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ಕೂದಲನ್ನು ಮೇಲೆತ್ತಿ ಗಂಟು ಕಟ್ಟಿ, ಆ ಗಂಟಿನಲ್ಲಿ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡೇ ಇರುತ್ತಿದ್ದಳು. ಹತ್ತೊಂಬತ್ತು ವರ್ಷ ಅದೇ ಮೇಜು, ಅದೇ ಕಿಟಕಿ. ಅವಳು ತೀರಿಕೊಂಡು ಎರಡು ತಿಂಗಳಾಯಿತು. ಮೇಜಿನ ಮೇಲಿನ ಪ್ಲಾಸ್ಟರಿನ ಬಿಳಿ ಕಲೆಗಳನ್ನು ಇನ್ನೂ ಯಾರೂ ಕೆರೆದು ತೆಗೆದಿಲ್ಲ.

ದಂತವೈದ್ಯರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ. ಸುರಿದ ಪ್ಲಾಸ್ಟರನ್ನು ಅರ್ಧ ಗಂಟೆ ಮುಟ್ಟುವ ಹಾಗಿಲ್ಲ. ಉಳಿದವರು ಆ ಹೊತ್ತಿನಲ್ಲಿ ಟೀ ಕುಡಿಯುತ್ತಿದ್ದರು, ಫೋನು ನೋಡುತ್ತಿದ್ದರು. ಪೆನ್ಸಿಲ್ ಮಾತ್ರ ಪ್ಲಾಸ್ಟರ್ ಕಲಸುವ ತನ್ನ ರಬ್ಬರ್ ಬಟ್ಟಲಿನ ಕೆಳಗಿಂದ ಹಾಳೆಗಳನ್ನು ಎಳೆದುಕೊಂಡು ತಿದ್ದಲು ಕೂರುತ್ತಿದ್ದಳು.

ಹಿಂದೊಮ್ಮೆ ಟೀವಿಯಲ್ಲಿ ಒಂದು ಸರಕು ಹಡಗಿನ ಧಾರಾವಾಹಿ ಬರುತ್ತಿತ್ತು. ಎರಡು ವರ್ಷ ಓಡಿ, ಹಡಗು ಮಂಜಿನಲ್ಲಿ ದಿಕ್ಕು ತಪ್ಪಿದ ಕಂತಿನಲ್ಲೇ ನಿಂತುಹೋಯಿತು. ಚಾನೆಲ್ಲಿನವರು ಕೈ ತೊಳೆದುಕೊಂಡರು. ನೋಡುತ್ತಿದ್ದವರಲ್ಲಿ ಕೆಲವರಿಗೆ ಅದು ತಡೆಯಲಾಗಲಿಲ್ಲ. ಅದೇ ಹಡಗು, ಅದೇ ಜನರನ್ನಿಟ್ಟುಕೊಂಡು ಮುಂದಿನ ಕಥೆಯನ್ನು ತಾವೇ ಬರೆದು ಇಂಟರ್ನೆಟ್ಟಿಗೆ ಹಾಕತೊಡಗಿದರು. ಇದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಏಳನೇ ಪುಟ ಕಾಣೆಯಾಗುವ ಹೊತ್ತಿಗೆ ಪೆನ್ಸಿಲ್ ಹಾಗೆ ಮೂವತ್ತೊಂದು ಅಧ್ಯಾಯ ಬರೆದಿದ್ದಳು. ಓದುವವರು ನಲವತ್ತು ಜನ ಇದ್ದಾರು, ಇಲ್ಲದಿದ್ದಾರು. ಅದರ ಚಿಂತೆ ಅವಳಿಗಿರಲಿಲ್ಲ. ಬರೆಯುವುದೂ ಅವಳಿಗೆ ಮೂಗು ಹಿಡಿದು ಕಷಾಯ ಕುಡಿದ ಹಾಗೆ. ಅವಳ ಸುಖವೆಲ್ಲ ತಿದ್ದುವುದರಲ್ಲಿತ್ತು.

ತಿದ್ದುವುದಕ್ಕೆ ಅವಳದೇ ಒಂದು ಕ್ರಮ. ಮೊದಲ ಕರಡಿನಲ್ಲಿ ಅವಳು ತನಗೆ ಗೊತ್ತಿದ್ದವರನ್ನೇ ಹಡಗು ಹತ್ತಿಸಿಬಿಡುತ್ತಿದ್ದಳು. ಲ್ಯಾಬಿನ ಯಜಮಾನರ ಬೈಗುಳ ಇದ್ದದ್ದು ಇದ್ದ ಹಾಗೆಯೇ ಕ್ಯಾಪ್ಟನ್ನನ ಬಾಯಿಗೆ ಹೋಗುತ್ತಿತ್ತು. ಎದುರು ಮನೆಯವಳ ಚಾಡಿ ಮಾತೆಲ್ಲ ಎಂಜಿನ್ ಕೋಣೆಗೆ. ಆಮೇಲೆ ಪೆನ್ಸಿಲ್ ಹಿಡಿದು, ಒಂದು ಮಾತು ಒರೆಸಿ, ಇನ್ನೊಂದು ತಿರುಗಿಸಿ, ಒಬ್ಬೊಬ್ಬರನ್ನೇ ಕೆಳಗಿಳಿಸುತ್ತಿದ್ದಳು. ಕೊನೆಗೆ ಹಡಗಿನಲ್ಲಿ ಹಡಗಿನವರೇ ಉಳಿಯಬೇಕು.

"ಇವತ್ತು ಯಾರನ್ನ ಇಳಿಸ್ತಿದೀಯ?" ಎಂದು ಕೇಳುತ್ತಿದ್ದಳು ಪಕ್ಕದ ಮೇಜಿನ ಗೆಳತಿ. ಹಲ್ಲಿನ ಸೆಟ್ಟಿಗೆ ಪಾಲಿಶ್ ಕೊಟ್ಟು ಡಬ್ಬಿಗೆ ಹಾಕಿ ಕಳಿಸುವುದು ಅವಳ ಕೆಲಸ. ಕಥೆಯ ಗುಟ್ಟು ಲ್ಯಾಬಿನಲ್ಲಿ ಅವಳೊಬ್ಬಳಿಗೇ ಗೊತ್ತು.

"ನಿನ್ನನ್ನೇ. ಎಂಟು ಸಾಲು, ಬರೀ ಗೊಣಗಾಟ."

"ಬಿಡೆ, ಇರಲಿ. ಹಾಗಾದ್ರೂ ನಾನೊಂದ್ಸಲ ಸಮುದ್ರ ನೋಡ್ಲಿ."

ಒಂದು ಸಾಲು ಮಾತ್ರ ಎಷ್ಟು ತಿದ್ದಿದರೂ ಇಳಿಯುತ್ತಿರಲಿಲ್ಲ. ಅದು ಅಕ್ಕನ ಮಾತು.

ಅಕ್ಕ ತಂಗಿ ಇಬ್ಬರೂ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದವರು. ಅಕ್ಕ ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್ ಆಗಿ ನಿವೃತ್ತಿಯಾದವಳು. ಆ ಪುಟ ಕಾಣೆಯಾಗುವುದಕ್ಕೆ ಆರು ವರ್ಷ ಮೊದಲು ಅಮ್ಮ ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನ ಅಕ್ಕ ಅಡುಗೆಮನೆಯಲ್ಲಿ, ತಂಗಿ ಹೊರಕೋಣೆಯಲ್ಲಿ ಕರಡು ತಿದ್ದುತ್ತ ಕೂತಿದ್ದಾಗ ಅಮ್ಮ ಹೋಗಿಬಿಟ್ಟಳು. ಬಂದವರೆಲ್ಲ ಹಿಂತಿರುಗಿದ ಮೇಲೆ ಅಕ್ಕ ಗೋಡೆ ನೋಡುತ್ತ ಹೇಳಿದಳು: "ಅಮ್ಮ ಮೂರು ಸಲ ಕೂಗಿದಳು. ನಿನ್ನ ತಲೆ ಆ ಕಾಗದದಲ್ಲಿ ಹೂತಿತ್ತು."

ತಂಗಿಗೆ ಒಂದು ಸಲವೂ ಕೇಳಿಸಿರಲಿಲ್ಲ. ಇನ್ನು ಬರೆಯುವುದಿಲ್ಲ ಎಂದು ಅವತ್ತೇ ಅಕ್ಕನಿಗೆ ಮಾತು ಕೊಟ್ಟಳು. ನಾಲ್ಕು ತಿಂಗಳು ಉಳಿಸಿಕೊಂಡಳು. ಆಮೇಲೆ ಲ್ಯಾಬಿನಲ್ಲಿ, ಪ್ಲಾಸ್ಟರ್ ಒಣಗುವ ಅರ್ಧ ಗಂಟೆಯಲ್ಲಿ, ಕದ್ದು ಶುರುಮಾಡಿದಳು. ಮನೆಗೆ ಒಂದು ಹಾಳೆಯನ್ನೂ ಒಯ್ಯುತ್ತಿರಲಿಲ್ಲ. ಅಕ್ಕನಿಗೆ ಗೊತ್ತಾದರೆ ಆ ಮಾತು ಮತ್ತೆ ಏಳುತ್ತದೆ. ಎದ್ದರೆ ಈ ಸಲ ಇಬ್ಬರೂ ಒಂದೇ ಸೂರಿನಡಿ ಇರಲಾಗುವುದಿಲ್ಲ. ಇದು ಅವಳ ಭಯ.

ಮೂವತ್ತೆರಡನೇ ಅಧ್ಯಾಯದ ಕೊನೆಯಲ್ಲಿ, ಏಳನೇ ಪುಟದಲ್ಲಿ, ಆ ಸಾಲಿತ್ತು. ಹಡಗಿನ ರೇಡಿಯೋ ಕೋಣೆಯವಳು ಕಾಗದ ನೋಡುತ್ತ ಕೂತು, ಮುಳುಗುತ್ತಿದ್ದ ದೋಣಿಯೊಂದರ ಕರೆ ಕೇಳಿಸಿಕೊಳ್ಳಲಿಲ್ಲ. ಹಡಗಿನ ಅಡುಗೆಯವಳು ಬಾಗಿಲಲ್ಲಿ ನಿಂತು ಹೇಳುತ್ತಾಳೆ: "ಅವರು ಮೂರು ಸಲ ಕೂಗಿದರು. ನಿನ್ನ ತಲೆ ಆ ಕಾಗದದಲ್ಲಿ ಹೂತಿತ್ತು." ಅದರ ಮುಂದೆ ಅಡುಗೆಯವಳ ವರ್ಣನೆ: ಮುಂದಿನ ನಾಲ್ಕು ಹಲ್ಲು ಹೋದವಳು, ಕರುಣೆಯೂ ಅದರ ಜೊತೆಗೇ ಉದುರಿಹೋದವಳು.

ಆ ತಿಂಗಳು ಅಕ್ಕನ ಮುಂದಿನ ನಾಲ್ಕು ಹಲ್ಲು ಕೀಳಿಸಿದ್ದರು.

ಅಕ್ಕನ ಬಾಯಿಯ ಅಚ್ಚು ಬಂದದ್ದು ಇದೇ ಲ್ಯಾಬಿಗೆ. ಪೆನ್ಸಿಲ್ ಅದನ್ನು ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಮೂರು ಸಲ ಹಿಡಿದು ನೋಡಿದಳು. ಅಕ್ಕನ ಎಡಗಡೆಯ ಒಂದು ಹಲ್ಲು ಹುಟ್ಟಿನಿಂದಲೇ ಕೊಂಚ ಸೊಟ್ಟ. ಹೊಸದನ್ನೂ ಅಷ್ಟೇ ಸೊಟ್ಟ ಕೂರಿಸಿದಳು. ಕಥೆಯಲ್ಲಿ ಅಕ್ಕನನ್ನು ಹಾಗೆ ಬರೆಯುತ್ತಿದ್ದ ಕೈಯೇ ಇದನ್ನೂ ಮಾಡುತ್ತಿತ್ತು.

ಆ ಕರಡುಗಳನ್ನು ಅವಳು ಪ್ರಿಂಟ್ ತೆಗೆಯುತ್ತಿದ್ದದ್ದು ಲ್ಯಾಬಿನ ಹಳೆಯ ಆರ್ಡರ್ ಹಾಳೆಗಳ ಖಾಲಿ ಬೆನ್ನಿನ ಮೇಲೆ. ಯಾರೂ ಓದಬಾರದೆಂದು ಕಥೆಯ ಬದಿ ಕೆಳಗೆ, ಆರ್ಡರ್ ಬದಿ ಮೇಲೆ ಬರುವಂತೆ ಬೋರಲು ಇಟ್ಟು, ಅದರ ಮೇಲೆ ರಬ್ಬರ್ ಬಟ್ಟಲು ಹೇರುತ್ತಿದ್ದಳು. ಡಬ್ಬಿಯೊಳಗೆ ಹಲ್ಲು ಅಲುಗಾಡದಿರಲು ತುರುಕುತ್ತಿದ್ದದ್ದೂ ಹಳೆಯ ಆರ್ಡರ್ ಹಾಳೆಗಳನ್ನೇ. ಬಟ್ಟಲಿನ ಕೆಳಗಿರುವುದು ಪೆನ್ಸಿಲಿನದು, ಮುಟ್ಟಬಾರದು ಎಂಬುದು ಗೆಳತಿಗೆ ಗೊತ್ತಿತ್ತು. ಆದರೆ ಅವತ್ತು ಪೆನ್ಸಿಲ್ ಬಟ್ಟಲು ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಳು. ಗೆಳತಿ ತಿರುಗಿಯೂ ನೋಡದೆ ಕೈ ಚಾಚಿ ಮೇಲಿನ ಹಾಳೆ ಎಳೆದುಕೊಂಡಳು. ಬೋರಲು ಇಟ್ಟ ಕಟ್ಟಿನಲ್ಲಿ ಮೇಲಿರುವುದು ಕೊನೆಯ ಪುಟ. ಅದನ್ನು ಮಡಚಿ ಡಬ್ಬಿಗೆ ತುರುಕಿದಳು. ಸ್ಕೂಟರಿನಲ್ಲಿ ಡಬ್ಬಿ ಒಯ್ಯುವ ಹಿರಿಯರು ಎರಡು ಗಂಟೆಗೆ ಬಂದು ತಗೊಂಡು ಹೋದರು.

ಮೂರೂವರೆಗೆ ಪೆನ್ಸಿಲ್ ತಿದ್ದಲು ಕೂತಳು. ಆರು ಹಾಳೆ ಇತ್ತು. ಇನ್ನೊಮ್ಮೆ ಎಣಿಸಿದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು, ಕಸದ ಬುಟ್ಟಿ ಬೋರಲು ಹಾಕಿದಳು.

"ಏನೇ ಹುಡುಕ್ತಿದೀಯ?"

"ನೀನು ಇಲ್ಲಿಂದ ಕಾಗದ ತಗೊಂಡ್ಯಾ?"

"ಹೂಂ, ಒಂದೇ ಒಂದು. ನಿಮ್ಮಕ್ಕನ ಡಬ್ಬಿಗೆ." ಹೇಳಿದ ಮೇಲೆ ಗೆಳತಿಗೇ ಹೊಳೆಯಿತು. ಪಾಲಿಶ್ ಯಂತ್ರ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು, ಅವಳ ಕೈ ಮಾತ್ರ ನಿಂತಿತು. "ಅಯ್ಯೋ. ಬಟ್ಟಲು ಇರಲಿಲ್ಲ ಕಣೆ. ಬಟ್ಟಲು ಇರಲಿಲ್ಲ."

ಅಕ್ಕನಿಗೆ ವೈದ್ಯರು ಕೊಟ್ಟ ಹೊತ್ತು ನಾಲ್ಕು ಗಂಟೆ. ಪೆನ್ಸಿಲ್ ಕ್ಲಿನಿಕ್ಕಿಗೆ ಫೋನು ಮಾಡಿದಳು.

"ಮೇಡಂ, ನಾಲ್ಕು ಗಂಟೆಯವರ ಸೆಟ್ ಇದೆಯಲ್ಲ, ದಯವಿಟ್ಟು ಅದರ ಡಬ್ಬಿ ತೆರೀಬೇಡಿ. ಬಣ್ಣ ಹೆಚ್ಚುಕಮ್ಮಿ ಆಗಿದೆ. ನಾನೇ ಬಂದು ತಗೊಂಡು ಹೋಗ್ತೀನಿ."

"ಬಣ್ಣ ಚೆನ್ನಾಗೇ ಇದೆಯಲ್ಲಾ!" ಎಂದಳು ಕೌಂಟರಿನವಳು. "ಅವರು ಮೂರಕ್ಕೇ ಬಂದುಬಿಟ್ರು. ಹಾಕಿಸಿಕೊಂಡೂ ಆಯ್ತು."

"ಡಬ್ಬೀಲಿ ಒಂದು ಕಾಗದ ಇತ್ತು."

"ಹೌದೌದು. ಡಬ್ಬಿ ಸಮೇತ ಅವರಿಗೇ ಕೊಟ್ವಿ. ಇಲ್ಲೇ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಓದ್ತಾ ಇದ್ರು. ಹಲ್ಲು ಹೇಗೆ ನೋಡ್ಕೊಬೇಕು ಅಂತ ಬರೆದಿದ್ರಾ? ಒಳ್ಳೇದು ಬಿಡಿ. ಈಗ ತಾನೇ ಹೊರಟ್ರು."

ಗೆಳತಿಯೇ ಅವಳ ಚೀಲ ತಂದು ಹೆಗಲಿಗೆ ಹಾಕಿದಳು. ಬಾಗಿಲಲ್ಲಿ ಯಜಮಾನರು ಅಡ್ಡ ಬಂದರು.

"ಎಲ್ಲಿಗೆ? ಪ್ಲಾಸ್ಟರ್ ಸುರಿದಿಟ್ಟು?"

"ಒಂದು ಸೆಟ್ ಕಚ್ತಿದೆ ಸಾರ್. ಸರಿಮಾಡಬೇಕು."

"ಯಾರಿಗೆ ಕಚ್ತಿದೆ?"

"ನಂಗೇ ಸಾರ್," ಎಂದು ಮೆಟ್ಟಿಲು ಇಳಿದೇಬಿಟ್ಟಳು.

ಬಸ್ಸಿನಲ್ಲಿ ಕೂರಲು ಜಾಗವಿತ್ತು, ಆದರೂ ಕಂಬ ಹಿಡಿದು ನಿಂತಳು. ಅಕ್ಕನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಕರಡು ಮಾಡತೊಡಗಿದಳು. ಯಾರೋ ಬರೆದದ್ದು, ನನ್ನದಲ್ಲ. ಆಗಲಿಕ್ಕಿಲ್ಲ, ಅಂಚಿನಲ್ಲೆಲ್ಲ ತನ್ನದೇ ಅಕ್ಷರ. ಹಳೆಯದು, ಅಮ್ಮ ಇದ್ದಾಗಿನದು. ಅದೂ ಆಗಲಿಕ್ಕಿಲ್ಲ. ಅಮ್ಮ ಇದ್ದಾಗ ಆ ಮಾತೇ ಹುಟ್ಟಿರಲಿಲ್ಲ, ಅಕ್ಕನ ಹಲ್ಲೂ ಹೋಗಿರಲಿಲ್ಲ. ಅದು ನೀನಲ್ಲ. ಇದೊಂದನ್ನು ಎರಡು ನಿಲ್ದಾಣದವರೆಗೂ ತಿರುಗಿಸಿ ಮುರುಗಿಸಿ ನೋಡಿದಳು. ಸುಳ್ಳನ್ನೆಲ್ಲ ತೆಗೆದುಹಾಕಿದ ಮೇಲೆ ಹೇಳುವುದಕ್ಕೆ ಒಂದಕ್ಷರವೂ ಉಳಿಯಲಿಲ್ಲ. ಕೂದಲಿನಿಂದ ಪೆನ್ಸಿಲ್ ಕಿತ್ತು ಚೀಲದ ತಳಕ್ಕೆ ತಳ್ಳಿದಳು, ಅದರಿಂದಲೇ ಸಿಕ್ಕಿಬೀಳುವವಳ ಹಾಗೆ.

ಮೂರು ಮಹಡಿ ಹತ್ತಿದಾಗ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಕ್ಕ ಊಟದ ಮೇಜಿನ ಹತ್ತಿರ ಕೂತಿದ್ದಳು. ಎದುರಿಗೆ ಹಲ್ಲಿನ ಖಾಲಿ ಡಬ್ಬಿ. ಅದರ ಪಕ್ಕ, ಕನ್ನಡಕದ ಅಡಿಯಲ್ಲಿ, ಮಡಿಕೆ ಬಿಚ್ಚಿ ಸಪಾಟು ಮಾಡಿದ ಏಳನೇ ಪುಟ.

"ನೀರು ಕುಡಿ," ಎಂದಳು ಅಕ್ಕ. ಹೊಸ ಹಲ್ಲಿನ ಮಾತು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ, ನಿಧಾನವಾಗಿ ಬರುತ್ತಿತ್ತು. "ಏದುಸಿರು ಬಿಡ್ತಿದೀಯ."

ಪೆನ್ಸಿಲ್ ನೀರು ಕುಡಿದಳು. ಲೋಟ ಕೆಳಗಿಡುವಾಗ ಸದ್ದಾಗಬಾರದೆಂದು ಎಚ್ಚರ ವಹಿಸಿದಳು.

"ನಿಲ್ಲಿಸಿದೀನಿ ಅಂದಿದ್ದೆ."

"ಹೂಂ."

"ಆರು ವರ್ಷ."

"ನಾಲ್ಕು ತಿಂಗಳು ನಿಜವಾಗ್ಲೂ ನಿಲ್ಲಿಸಿದ್ದೆ ಅಕ್ಕ."

ಅಕ್ಕ ನಗಲಿಲ್ಲ. ಬೆರಳಿನಿಂದ ಕಾಗದದ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿದಳು. "ಈ ಅಡುಗೆಯವಳು ನಾನಾ?"

"ಅದು ಇನ್ನೂ ಮೊದಲನೇ ಕರಡು. ಮೊದಲು ಎಲ್ಲಾರೂ ಹಾಗೇ ಬಂದುಬಿಡ್ತಾರೆ. ಆಮೇಲೆ ತಿದ್ದಿ ತಿದ್ದಿ ಇಳಿಸ್ತೀನಿ. ಕೊನೇಲಿ ಯಾರೂ ಇರಲ್ಲ ಅಕ್ಕ."

"ಎಲ್ಲಿಗೆ ಇಳಿಸ್ತೀಯ? ನಡು ಸಮುದ್ರಕ್ಕಾ?"

ಕೆಳಗೆ ಬೀದಿಯಲ್ಲಿ ಯಾರೋ ಗಾಡಿಯನ್ನು ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಬಟ್ಟೆ ಎಲ್ಲಿದೆ, ಸೂಟ್‌ಕೇಸ್ ಯಾವ ಅಟ್ಟದಲ್ಲಿದೆ ಎಂದು ಪೆನ್ಸಿಲ್ ಯೋಚಿಸಿದಳು. ಗೆಳತಿಯ ಮನೆಯಲ್ಲಿ ಒಂದು ಮಂಚ ಹಿಡಿಸೀತೇ ಎಂದು ಕೂಡ.

ಅಕ್ಕ ಎದ್ದು ನಿಂತಳು. ಕನ್ನಡಕ ತೆಗೆದು ಮೂಗಿಗೇರಿಸಿದಳು, ಹಾಳೆಯನ್ನು ತಂಗಿಯ ಕಡೆ ತಿರುಗಿಸಿ ತಳ್ಳಿದಳು. "ಒಂದು ಕಡೆ ತಪ್ಪಿತ್ತು. ತಿದ್ದಿದೀನಿ. ನೋಡು," ಎಂದು ಅಡುಗೆಮನೆಗೆ ಹೋದಳು.

ಆಪರೇಟರ್ ಆಗಿದ್ದಾಗ ಚೀಟಿ ಬರೆದು ಬರೆದು ರೂಢಿಯಾದ ಸಣ್ಣ ದುಂಡು ಅಕ್ಷರ. ಉದುರಿದ ಹಲ್ಲನ್ನೂ ಕರುಣೆಯನ್ನೂ ಅಕ್ಕ ಮುಟ್ಟಿರಲಿಲ್ಲ. ಅದಕ್ಕೂ ಮೇಲಿನ ಸಾಲಿನಲ್ಲಿ "ಮೂರು ಸಲ" ಎಂಬುದನ್ನು ಗೀಟು ಹಾಕಿ ಹೊಡೆದು, ಮೇಲೆ "ಒಂದೇ ಸಲ" ಎಂದು ಬರೆದಿದ್ದಳು. ಅದರ ಕೆಳಗೆ, ಅಡುಗೆಯವಳ ಮಾತಿಗೆ ಸೇರಿಸಿದಂತೆ, ಅಂಚಿನವರೆಗೂ ಹರಿದ ಎರಡು ಸಾಲು:

"ಅದು ನನಗೂ ಕೇಳಿಸಿತ್ತು. ಕೈಯಲ್ಲಿ ಕೆಲಸವಿತ್ತು, ಇವಳು ಹೋಗುತ್ತಾಳೆ ಅಂದುಕೊಂಡೆ."

ಪೆನ್ಸಿಲ್ ಅದನ್ನು ಎಷ್ಟು ಸಲ ಓದಿದಳೋ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿರಲಿಲ್ಲ. ನಲ್ಲಿಯೂ ಬಿಟ್ಟಿರಲಿಲ್ಲ. ಅಕ್ಕ ಅಲ್ಲಿ ಸುಮ್ಮನೆ ನಿಂತಿದ್ದಾಳೆ ಎಂದು ಗೊತ್ತಾಯಿತು. ಆರು ವರ್ಷದ ಹಿಂದೆ ಆ ಮಧ್ಯಾಹ್ನ ನಿಂತ ಜಾಗದಲ್ಲೇ ನಿಂತಿದ್ದಳು.

"ಅಕ್ಕ," ಎಂದು ಕರೆದಳು. ಒಂದೇ ಸಲ.

ಅಕ್ಕ ತಕ್ಷಣ ಬಂದಳು. ಕಣ್ಣು ಕೆಂಪಾಗಿತ್ತು. ಬಂದವಳು ತಂಗಿಯ ಮುಖ ನೋಡದೆ ತುಟಿ ಸರಿಸಿ ಎಡಗಡೆಯ ಹಲ್ಲು ತೋರಿಸಿದಳು.

"ಇದೊಂದನ್ನ ಸೊಟ್ಟ ಇಟ್ಟಿದೀಯಲ್ಲೇ. ಹದಿನೆಂಟು ವರ್ಷ ಅದೇನು ಕೆಲಸ ಕಲಿತೆ?"

"ನಿಂದು ಇದ್ದದ್ದೇ ಹಾಗೆ."

"ಗೊತ್ತು," ಎಂದಳು ಅಕ್ಕ. ಕುರ್ಚಿ ಎಳೆದುಕೊಂಡು ಕೂತಳು. "ಹಾಗೇ ಇರಲಿ. ತಿದ್ದೋದಕ್ಕೆ ಹೋಗಬೇಡ."

ಮೂವತ್ತೆರಡನೇ ಅಧ್ಯಾಯ ಇಂಟರ್ನೆಟ್ಟಿಗೆ ಬಂದಾಗ ಅಡುಗೆಯವಳಿಗೆ ಎಲ್ಲ ಹಲ್ಲೂ ಇದ್ದವು. ಅಕ್ಕ ಸೇರಿಸಿದ ಎರಡು ಸಾಲು ಅಕ್ಷರವೂ ಬದಲಾಗದೆ ಹಾಗೇ ಇತ್ತು. ಆಮೇಲೆ ಪೆನ್ಸಿಲ್ ಹಾಳೆಗಳನ್ನು ಮನೆಗೆ ಒಯ್ಯತೊಡಗಿದಳು, ಇಬ್ಬರೂ ಮೇಜಿನ ಆಚೆ ಈಚೆ ಕೂತು ಒಂದೊಂದು ಪೆನ್ಸಿಲ್ ಹಿಡಿದು ಜಗಳವಾಡುತ್ತಿದ್ದರು. ಅಡುಗೆಯವಳನ್ನು ಕೆಳಗಿಳಿಸಲು ಅಕ್ಕ ಬಿಡಲೇ ಇಲ್ಲ. ಹಾಗೆ ಇನ್ನೂ ಒಂಬತ್ತು ಅಧ್ಯಾಯ ನಡೆಯಿತು. ಹತ್ತನೆಯದು ಅರ್ಧದಲ್ಲಿದ್ದಾಗ ಪೆನ್ಸಿಲ್ ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕುಸಿದು ಕೂತಳು, ಮತ್ತೆ ಏಳಲಿಲ್ಲ.

ಹೋದ ವಾರ ಅಕ್ಕ ಲ್ಯಾಬಿಗೆ ಬಂದಿದ್ದಳು. ಕರಡಿನ ಕಟ್ಟುಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿ ತಂದು ಪಾಲಿಶಿನ ಗೆಳತಿಯ ಮೇಜಿನ ಮೇಲಿಟ್ಟಳು.

"ಎಣಿಸ್ಕೋಬೇಡಮ್ಮ," ಎಂದಳು. "ಒಂದು ಪುಟ ಕಮ್ಮಿ ಇರುತ್ತೆ. ಅದು ನನ್ನ ಹತ್ರ ಇದೆ."