ಕಳಕಮ್ಮನ ಸವಳು ಬಾವಿ, ಸಾಹುಕಾರರ ಮೀನು

ಯಲಬುರ್ಗಾದ ಪೇಟೆಯಲ್ಲಿ ನೀರಿನ ರುಚಿ ಹೇಳುವುದರಲ್ಲಿ ಕಳಕಮ್ಮನನ್ನು ಮೀರಿಸುವವರಿರಲಿಲ್ಲ. ಊರಾಚೆಯ ಸಿಹಿನೀರ ಬಾವಿಯಿಂದ ಉಳ್ಳವರ ಮನೆಗಳಿಗೆ ಕೊಡ ಹೊರುವುದು ಅವಳ ಕೆಲಸ. ಯಾವ ನೀರೇ ಇರಲಿ, ಎರಡು ಹನಿ ನಾಲಿಗೆಗೆ ಸೋಕಿಸದೆ ತಲೆಗೇರಿಸುತ್ತಿರಲಿಲ್ಲ. ಅಂಥವಳ ಸ್ವಂತ ಹಿತ್ತಲಲ್ಲೂ ಒಂದು ಬಾವಿಯಿತ್ತು. ಆದರೆ ಅದರ ನೀರು ಸವಳು, ಉಪ್ಪುಪ್ಪು. ಅದರಲ್ಲಿ ಬೇಳೆ ಬೇಯದು, ಬಾಯಿಗಿಟ್ಟರೆ ಮುಖ ಕಿವುಚಬೇಕು.

ಬಾವಿ ತೋಡಿದವನು ಅವಳ ಗಂಡ ಅಂದಪ್ಪ. ತನ್ನ ಹೆಂಡತಿ ನೀರಿಗೆಂದು ಊರು ದಾಟಬಾರದು ಎಂದು ಮದುವೆಯಾದ ಹೊಸದರಲ್ಲಿ ಎರಡು ಬೇಸಿಗೆ ಹಾರೆ ಹಿಡಿದಿದ್ದ. ನೀರು ಸವಳಾದಾಗ ಪೇಟೆಯವರು "ಅಂದಪ್ಪ ಊರಿಗೆ ಸಮುದ್ರ ತಂದಾನ" ಎಂದು ಆಡಿಕೊಂಡರು. ಹನ್ನೆರಡು ವರ್ಷ ಅದನ್ನೇ ಕೇಳಿ ಅವನಿಗೆ ರೋಸಿಹೋಗಿತ್ತು. ಬರುವ ಗುರುವಾರ ಬಾವಿ ಮುಚ್ಚಿ ಎಮ್ಮೆಗೆ ಕೊಟ್ಟಿಗೆ ಹಾಕುವುದೆಂದು ಕಲ್ಲು ಮಣ್ಣು ತಂದು ಗುಡ್ಡೆ ಹಾಕಿದ್ದ. ಕಳಕಮ್ಮನಿಗೆ ಸಂಕಟ. ಕುಡಿಯಲು ಬಾರದಿದ್ದರೇನು, ತನಗೋಸ್ಕರ ಒಬ್ಬ ಗಂಡಸು ಅಷ್ಟು ಆಳ ನೆಲ ಅಗೆದಿದ್ದಾನಲ್ಲ!

"ಊರಾಗ ಒಬ್ಬರು ಬಂದು ಒಂದು ಕೊಡ ಒಯ್ಯಲಿ, ಮುಚ್ಚೂದು ಬಿಡ್ತೀನಿ" ಎಂದು ಅಂದಪ್ಪ ಬಾಯಿ ಮುಚ್ಚಿಸಿದ.

ಇದು ಎರಡನೆಯ ಮಹಾಯುದ್ಧಕ್ಕೆ ಒಂದು ವರ್ಷ ಮೊದಲಿನ ಮಾತು. ಅದೇ ವಾರ ಅರಳೆ ವ್ಯಾಪಾರದ ಸಾಹುಕಾರ ವಿರೂಪಾಕ್ಷಪ್ಪನ ಮನೆಗೆ ಮೀನು ಬಂದವು. ತಿನ್ನುವುದಕ್ಕಲ್ಲ, ಶಿವ ಶಿವಾ, ನೋಡುವುದಕ್ಕೆ! ಮುಂಬಯಿಯಲ್ಲಿ ಯಾರದೋ ದಿವಾನಖಾನೆಯಲ್ಲಿ ಗಾಜಿನ ತೊಟ್ಟಿ ನೋಡಿ ಬಂದಾಗಿನಿಂದ ಸಾಹುಕಾರರಿಗೆ ಅದೇ ಹುಚ್ಚು. ಹುಬ್ಬಳ್ಳಿಯಲ್ಲಿ ಕಬ್ಬಿಣದ ಚೌಕಟ್ಟಿನ ತೊಟ್ಟಿ ಮಾಡಿಸಿದರು. ಗೋವೆಯ ಕಡೆಯಿಂದ ಎಂಟು ಹಳದಿ ಮೀನು ತಗಡಿನ ಡಬ್ಬಿಯಲ್ಲಿ ರೈಲು ಹತ್ತಿ ಕೊಪ್ಪಳಕ್ಕೆ ಬಂದವು. ಒಂದೊಂದೂ ವೀಳ್ಯದೆಲೆಯಷ್ಟು ಅಗಲ, ಪಕ್ಕೆಯಲ್ಲೊಂದು ಕಪ್ಪು ಬೊಟ್ಟು. ಕೊಪ್ಪಳದಿಂದ ಗಾಡಿಯ ಓಬಳೆಪ್ಪ ತೊಟ್ಟಿಯನ್ನು ಅರಳೆಯಲ್ಲಿ ಹುದುಗಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಅಷ್ಟು ಜೋಪಾನವಾಗಿ ಅವನು ತನ್ನ ಮಕ್ಕಳನ್ನೂ ಎತ್ತಿಕೊಂಡಿರಲಿಕ್ಕಿಲ್ಲ.

ಡಬ್ಬಿ ಇಳಿಸಿಕೊಳ್ಳುವಾಗ ನೀರು ತುಳುಕಿ, ಸಾಹುಕಾರರ ಮನೆಗೆ ಕೊಡ ಹೊತ್ತು ಬಂದಿದ್ದ ಕಳಕಮ್ಮನ ಮುಖಕ್ಕೆ ಹಾರಿತು. ಅಭ್ಯಾಸಬಲ, ತುಟಿ ಸವರಿಕೊಂಡಳು.

"ಅಯ್ಯ, ಇದು ಸವಳ ಐತ್ರಿ! ಥೇಟ್ ನಮ್ಮ ಬಾವಿ ನೀರಿನಂಗ."

ಜಗಲಿಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸಾಹುಕಾರರ ಹೆಂಡತಿ ಶಂಕ್ರಮ್ಮ ಮಾತ್ರ ಗದರಿದಳು. "ಅಷ್ಟು ದೂರದಿಂದ ಬಂದಾವ, ಸವಳ ನೀರು ಹಾಕ್ತಾರೇನ? ಸಿಹಿನೀರು ತಾ."

ಹಳ್ಳದ ಮರಳು ತೊಳೆದು ಹಾಸಿ, ತೊಟ್ಟಿಯನ್ನು ಕಲ್ಲಿನ ಹಲಗೆಯ ಮೇಲೆ ಸಮನಾಗಿ ಕೂರಿಸಿದರು. ಕಳಕಮ್ಮ ಇಪ್ಪತ್ತು ಕೊಡ ಸಿಹಿನೀರು ಹೊತ್ತಳು. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಶಂಕ್ರಮ್ಮ ಮೀನಿಗೂ ಕಮ್ಮಿ ಮಾಡಲಿಲ್ಲ. ಒಂದು ದೊಡ್ಡ ಹೆಂಟೆ ಬೆಲ್ಲವನ್ನು ತೊಟ್ಟಿಯೊಳಗೆ ಬಿಟ್ಟು ಕೈಮುಗಿದಳು.

ಮರುದಿನ ಒಂದು ಮೀನು ಸತ್ತು ತೇಲಿತು. ಉಳಿದ ಏಳು ರೆಕ್ಕೆ ಮಡಚಿ ತಳ ಹಿಡಿದಿದ್ದವು. ನೀರು ಅಂಬಲಿಯಂತೆ ಕದಡಿತ್ತು. ಬೆಲ್ಲದ ನೀರು ಚೆಲ್ಲಿ ಹೊಸ ಸಿಹಿನೀರು ತುಂಬಿದರು. ಮಂಗಳವಾರವೂ ಮೀನು ಮೇಲೇಳಲಿಲ್ಲ. ಸಾಹುಕಾರರು ಊಟ ಬಿಟ್ಟು ಕೂತರು.

ಕಳಕಮ್ಮ ಧೈರ್ಯ ಮಾಡಿ ಕೇಳಿದಳು. "ಸಾವ್ಕಾರ್ರ, ನಮ್ಮ ಬಾವಿ ನೀರು ಹಾಕಿ ನೋಡ್ಲೇನ್ರಿ?"

"ಹೆಂಗೂ ಸಾಯ್ತಾವ. ಹಾಕು."

ಕೇಳುವುದೇನೋ ಕೇಳಿದ್ದಳು, ಆದರೆ ಅಪಾಯ ಅವಳಿಗೂ ಗೊತ್ತಿತ್ತು. ಮೀನು ಸತ್ತರೆ ಕಳಕಮ್ಮನ ಬಾವಿ ವಿಷದ ಬಾವಿಯಾಗುತ್ತದೆ, ಹಾರೆ ಹಿಡಿದು ಮುಚ್ಚಲು ಊರೇ ಬರುತ್ತದೆ. ಒಂದು ಕೊಡ ತೆಗೆದು ಒಂದು ಕೊಡ ಹಾಕುತ್ತ, ನಡುನಡುವೆ ನಾಲಿಗೆಗೆ ಹಚ್ಚಿ ನೋಡುತ್ತ, ಡಬ್ಬಿಯ ನೀರಿನ ರುಚಿ ಬರುವವರೆಗೆ ಬಿಡಲಿಲ್ಲ. ಸಂಜೆಗೆ ಒಂದು ಮೀನು ರೆಕ್ಕೆ ಬಿಚ್ಚಿತು. ಬುಧವಾರ ಏಳೂ ಗಾಜಿಗೆ ಮೂತಿ ಹಚ್ಚಿ ಕೂಳು ಕೇಳುತ್ತಿದ್ದವು.

ಖುಷಿಯಿಂದ ಓಡಿಬಂದು ಗಂಡನಿಗೆ ಹೇಳಿದರೆ ಅವನು ಅಡ್ಡಡ್ಡ ತಲೆಯಾಡಿಸಿದ. "ನೀನ ಹೊತ್ತು ನೀನ ಹಾಕಿದ್ದು ಲೆಕ್ಕಕ್ಕಿಲ್ಲ."

ಇವನ ಹಟಕ್ಕೆ ಬೆಂಕಿ ಬೀಳಲಿ ಎಂದು ಕಳಕಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು.

ಗುರುವಾರ ಬೆಳಗ್ಗೆ ಕಳಕಮ್ಮ ಕೆಲಸಕ್ಕೆ ಹೋಗಲಿಲ್ಲ. ಬಾವಿಯ ದಂಡೆಯ ಮೇಲೆ ಕೂತುಬಿಟ್ಟಳು. ಅಂದಪ್ಪ ಮೊದಲ ಬುಟ್ಟಿ ಮಣ್ಣು ಎತ್ತಿದ. ಆಗ ಹಿತ್ತಲ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು. ತಲೆತುಂಬ ಸೆರಗು, ಕಂಕುಳಲ್ಲಿ ಫಳಫಳ ಹೊಳೆಯುವ ತಾಮ್ರದ ಕೊಡ. ಶಂಕ್ರಮ್ಮ! ಹುಟ್ಟಿದಾಗಿನಿಂದ ನೀರಿಗೆ ಹೋಗದ ಹೆಂಗಸು ಏದುಸಿರು ಬಿಡುತ್ತಿದ್ದಳು.

"ಕಳಕವ್ವ, ನೀ ಬರ್ಲಿಲ್ಲಲ್ಲ, ನಾನ ಬಂದೆ. ತೊಟ್ಟಿ ನೀರು ಕಮ್ಮಿ ಆಗೈತಿ. ಒಂದು ಕೊಡ ಕೊಡವ್ವ, ನಿನಗ ಕೈಮುಗೀತೀನಿ."

ಕಳಕಮ್ಮನಿಗೆ ಅಳು ಬಂತು. ಅಂದಪ್ಪ ಬುಟ್ಟಿಯ ಮಣ್ಣನ್ನು ಮತ್ತೆ ಗುಡ್ಡೆಗೇ ಸುರಿದ. ಹಗ್ಗ ಹುಡುಕಿ, ನೀರು ಸೇದಿ ಕೊಡ ತುಂಬಿದ. ಶಂಕ್ರಮ್ಮ ಎತ್ತಲು ಹೋದರೆ ಬಿಡಲಿಲ್ಲ.

"ಬಿಡ್ರಿ ಅವ್ವಾರ, ನಾ ತರ್ತೀನಿ."

ಕೊಡ ಹೆಗಲಿಗೇರಿಸಿ ಹೊರಟವನು ಹತ್ತಿರದ ಸಂದಿ ಬಿಟ್ಟು ಸುತ್ತು ಹಾಕಿ ಪೇಟೆಯ ನಟ್ಟನಡುವೆಯೇ ನಡೆದ. ಹಿಂದೆ ಶಂಕ್ರಮ್ಮ, ಅವಳ ಹಿಂದೆ ಕಣ್ಣೊರೆಸಿಕೊಳ್ಳುತ್ತ ನಗುವ ಕಳಕಮ್ಮ. ಅಂಗಡಿಗಳಲ್ಲಿ ಕೂತವರು ತಕ್ಕಡಿ ಬಿಟ್ಟು ನೋಡಿದರು.

"ಏನ್ ಹೊತ್ತೀಯೋ ಅಂದಪ್ಪ?" ಎಂದು ಯಾರೋ ಕೂಗಿದರು.

"ನಮ್ಮ ಬಾವಿ ನೀರು!" ಎಂದ ಅಂದಪ್ಪ. ಕೇಳಿದವನಿಗೆ ಕೇಳಿಸಿದ್ದು ಗೊತ್ತಿದ್ದರೂ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.