ಗಿರಿಜಕ್ಕನಿಗೆ ಜೋಡಿ ಸಿಕ್ಕಿದ್ದು

ಹುಳಿ ಮಜ್ಜಿಗೆಗೆ ಅರಿಶಿನ ಹಾಕಿದಾಗಲೆಲ್ಲ ನನಗೆ ಮುಂದಿನ ಅಡುಗೆ ಮರೆತುಹೋಗಿ, ನಾನು ಬೆಳೆದ ತರೀಕೆರೆಯ ದೊಡ್ಡಪ್ಪನ ಮನೆ ನೆನಪಾಗುತ್ತದೆ. ಆ ಮನೆಯ ಹಿತ್ತಿಲಲ್ಲಿ, ಹಿಂದೆ ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆಯೊಳಗೆ, ಒಂದು ಕುಸ್ತಿ ಮಟ್ಟಿ ಇತ್ತು. ಜರಡಿ ಹಿಡಿದ ಕೆಮ್ಮಣ್ಣಿಗೆ ಮಜ್ಜಿಗೆ, ಅರಿಶಿನ, ನಿಂಬೆರಸ, ಎಣ್ಣೆ ಬೆರೆಸಿ, ತುಳಿದು ತುಳಿದು ಹಿಟ್ಟಿನಷ್ಟು ಮೆತ್ತಗೆ ಮಾಡಿದ ಮಣ್ಣು. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಹುಳಿ ಹುಳಿಯಾದ ಆ ತಂಪು ವಾಸನೆ ಮನೆಯನ್ನೆಲ್ಲ ತುಂಬಿಕೊಳ್ಳುತ್ತಿತ್ತು. ದೊಡ್ಡಪ್ಪ ಊರಿಗೆಲ್ಲ ಗೊತ್ತಿದ್ದ ಪೈಲ್ವಾನ. ಆದರೆ ಹೆಣ್ಣುಮಕ್ಕಳು ಊರ ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಮಗಳು ಗಿರಿಜಕ್ಕ ಕುಸ್ತಿ ಕಲಿಯುತ್ತೇನೆಂದು ಹಟ ಹಿಡಿದಾಗ, ಅವನು ಊರವರೊಡನೆ ಜಗಳಕ್ಕೆ ನಿಲ್ಲದೆ ಎಮ್ಮೆ ಮಾರಿ ಕೊಟ್ಟಿಗೆಯನ್ನೇ ಗರಡಿ ಮಾಡಿದ. ಮನೆಯ ಎಮ್ಮೆ ಕಳಕೊಂಡು, ಮಣ್ಣಿಗೆ ಸುರಿಯಲು ಪಕ್ಕದ ಮನೆಯ ಮಜ್ಜಿಗೆ ತರಬೇಕಲ್ಲ ಎಂದು ದೊಡ್ಡಮ್ಮ ಬಹಳ ದಿನ ಗೊಣಗಿದಳು.

ಅಕ್ಕನ ಅಭ್ಯಾಸಕ್ಕೆ ಸಿಗುತ್ತಿದ್ದವಳು ನಾನೊಬ್ಬಳೇ. ನನ್ನನ್ನು ಕೆಡವುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಬೆನ್ನಿಗೆ ಮಣ್ಣು ಮೆತ್ತಿಕೊಳ್ಳದೆ ನಾನು ಸ್ಕೂಲಿಗೆ ಹೋದ ನೆನಪೇ ಇಲ್ಲ. ತೂಕ, ಅನುಭವ ನೋಡಿ ಇಬ್ಬರನ್ನು ಎದುರುಬದುರು ಗೊತ್ತುಮಾಡುವುದಕ್ಕೆ ಕುಸ್ತಿಯವರು ಜೋಡಿ ಕಟ್ಟುವುದು ಎನ್ನುತ್ತಾರೆ. ಜೋಡಿ ಸಿಗದಿದ್ದರೆ ಎಂಥ ಪೈಲ್ವಾನನೂ ಬಂದ ದಾರಿ ಹಿಡಿಯಬೇಕು. ದೊಡ್ಡಪ್ಪ ಅಜ್ಜಂಪುರ, ಕಡೂರು ಎಂದು ಎಲ್ಲೆಲ್ಲಿ ಕುಸ್ತಿ ಇದ್ದರೂ ಅಕ್ಕನನ್ನು ಕರೆದೊಯ್ಯುತ್ತಿದ್ದ, ಬರಿಗೈಯಲ್ಲಿ ಕರೆತರುತ್ತಿದ್ದ. ಅವಳ ತೂಕದ ಹೆಣ್ಣುಮಕ್ಕಳೇ ಇರಲಿಲ್ಲ. ಗಂಡುಹುಡುಗರ ಅಪ್ಪಂದಿರು, ಗೆದ್ದರೆ ಹೆಚ್ಚುಗಾರಿಕೆಯಿಲ್ಲ, ಸೋತರೆ ಮುಖ ತೋರಿಸುವಂತಿಲ್ಲ ಎಂದು ಜಾರಿಕೊಳ್ಳುತ್ತಿದ್ದರು. ಕೊನೆಗೆ ದೊಡ್ಡಮ್ಮ ಒಂದು ಕರಾರು ಹಾಕಿದಳು. ಕಾಲೇಜು ಮುಗಿಯುವುದರೊಳಗೆ ಒಂದಾದರೂ ಕುಸ್ತಿ ಆಗದಿದ್ದರೆ ಕೊಟ್ಟಿಗೆಗೆ ಎಮ್ಮೆ, ಮಗಳಿಗೆ ಗಂಡು. ದೊಡ್ಡಪ್ಪ ಒಪ್ಪಿಕೊಂಡ, ಅಕ್ಕ ಅಂದು ಊಟ ಬಿಟ್ಟಳು.

ಕಾಲೇಜಿನ ಕೊನೆಯ ವರ್ಷ, ಒಂದು ಸಂಜೆ, ಕಡೂರಿನಿಂದ ಬಂದ ದೊಡ್ಡಪ್ಪ ಚಪ್ಪಲಿ ಬಿಡುತ್ತಲೇ, "ಗಿರಿಜಂಗೆ ಜೋಡಿ ಸಿಕ್ತು ಕಣೇ" ಎಂದ. ರೊಟ್ಟಿ ತಟ್ಟುತ್ತಿದ್ದ ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಹೆಣ್ಣು ಹೆತ್ತವಳ ಕಿವಿಗೆ ಜೋಡಿ ಎಂದರೆ ಒಂದೇ ಅರ್ಥ. ದೇವರಿಗೆ ದೀಪ ಹಚ್ಚಿ, ನಮ್ಮೆಲ್ಲರ ಬಾಯಿಗೂ ಬೆಲ್ಲ ಹಾಕಿದಳು. ಎತ್ತರ ಹೇಗೆ ಎಂದಳು, ಗಿರಿಜನಷ್ಟೇ ಎಂದ. ಗುಣ ಹೇಗೆ ಎಂದಳು. ಕೈ ಬಲು ಬಿಗಿ ಎಂದ. ಖರ್ಚಿನಲ್ಲಿ ಹಿಡಿತವಿದೆಯಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಯಾವ ಮಠದ ಒಕ್ಕಲು ಎಂದು ಕೇಳಿದಾಗಲೇ ದೊಡ್ಡಪ್ಪನಿಗೆ ಎಡವಟ್ಟು ಹೊಳೆದದ್ದು.

"ಯಾವ ಮಠಾನೂ ಅಲ್ಲ ಕಣೇ. ಅಜ್ಜಂಪುರದ ಖಲೀಲ್ ಸಾಬ್ರ ಮಗಳು."

ಬಾಯಿ ತುಂಬ ಬೆಲ್ಲವಿದ್ದ ನಾವು ನಗುವ ಹಾಗೂ ಇರಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಉಳಿದ ರೊಟ್ಟಿಗಳನ್ನು ಆ ಸಂಜೆ ದೊಡ್ಡಪ್ಪನೇ ತಟ್ಟಿದ.

ಕುಸ್ತಿ ನೋಡಲು ದೊಡ್ಡಮ್ಮ ಬರುವುದಿಲ್ಲ ಎಂದವಳು ಬಸ್ಸು ಹೊರಡುವ ಹೊತ್ತಿಗೆ ಬಂದು ಕೂತಿದ್ದಳು. ಕಡೂರಿನ ಆ ಬಯಲಲ್ಲಿ ನೆರೆದವರೆಲ್ಲ ಗಂಡಸರೇ. ಹೆಂಗಸರೆಂದರೆ ನಾವಿಬ್ಬರು, ಬುರ್ಖಾ ತೊಟ್ಟ ಖಲೀಲ್ ಸಾಬರ ಹೆಂಡತಿ. ತಾಯಂದಿರಿಬ್ಬರೂ ಒಂದೇ ಚಾಪೆಯಲ್ಲಿ ಕೂತರು. ಅಖಾಡದಲ್ಲಿ ಮಕ್ಕಳು ಕೈ ಕೊಟ್ಟೊಡನೆ ಇವರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನಗಲು ಬಂದಿದ್ದ ಜನ ನಗುವುದನ್ನು ಮರೆತರು. ಬಹಳ ಹೊತ್ತು ಸೆಣಸಿ ಗಿರಿಜಕ್ಕ ಚಿತ್ ಆದಳು. ಕರಾರಿನ ಪ್ರಕಾರ ಒಂದು ಕುಸ್ತಿ ಆಗಿತ್ತು, ಆದರೆ ಸೋತ ಮೇಲೆ ಮಟ್ಟಿ ಉಳಿಸಿಕೊಡಿ ಎಂದು ಯಾವ ಬಾಯಲ್ಲಿ ಕೇಳುವುದೆಂದು ಅಕ್ಕ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಬೀರೂರು ದಾಟಿದ ಮೇಲೆ ದೊಡ್ಡಮ್ಮ ಗಂಡನ ಕಡೆ ತಿರುಗಿ, "ರೀ, ಇನ್ನೊಂದ್ಸಲ ಜೋಡಿ ಕಟ್ಸಿ. ಸೋತ್ಕೊಂಡು ಗಂಡನ ಮನೆಗೆ ಹೋಗೋದು ಬ್ಯಾಡ" ಎಂದಳು.

ಅಕ್ಕ ಮುಂದೆ ಗೆದ್ದಳು, ಮತ್ತೆ ಸೋತಳು, ಮದುವೆಯಾದ ಮೇಲೂ ಆಡಿದಳು. ದೊಡ್ಡಪ್ಪ, ದೊಡ್ಡಮ್ಮ ಒಬ್ಬರ ಹಿಂದೊಬ್ಬರು ಹೋದರು. ಮನೆಯಿದ್ದ ಕಡೆ ಈಗ ಮೊಬೈಲ್ ಅಂಗಡಿಗಳಿವೆ. ಹೋದ ವರ್ಷ ಕಡೂರಿನ ಕುಸ್ತಿಗೆ ಹೋಗಿದ್ದೆ. ಹೆಣ್ಣುಮಕ್ಕಳ ಕುಸ್ತಿಯನ್ನೇ ಕೊನೆಗೆ, ದೊಡ್ಡ ಜೋಡಿಯೆಂದು ಇಟ್ಟಿದ್ದರು. ತೀರ್ಪು ಕೊಡಲು ನಿಂತವಳು ನಮ್ಮ ಅಕ್ಕ. ಬೆಂಚಿನ ತುಂಬ ತಾಯಂದಿರು, ಸೊಂಟ ಹಿಡಿ, ಕಾಲು ಬಿಡಬೇಡ ಎಂದು ಕೂಗುತ್ತಿದ್ದರು. ದೊಡ್ಡಮ್ಮ ಇದ್ದಿದ್ದರೆ ಈ ಗದ್ದಲದಲ್ಲಿ ಅವಳ ಗಂಟಲೇ ಮೇಲಿರುತ್ತಿತ್ತು. ಅವಳಿಲ್ಲದಿದ್ದರೂ ಮನಸ್ಸು ತುಂಬಿತ್ತು. ಯಾರೂ ಕೇಳದಿದ್ದರೂ ನಾನು ಬೆಂಚಿನ ಮೇಲೆ ಒಬ್ಬರು ಕೂರುವಷ್ಟು ಸರಿದು ಕೂತೆ.