ನಮ್ಮ ಅಡುಗೆಮನೆಯಲ್ಲಿ ನಯಾಜ್

ನಯಾಜನ ಕ್ಯಾಮೆರಾ ಎದುರಿಗೆ ಯಾರೂ ಸೆರಗು ಸರಿಮಾಡಿಕೊಳ್ಳುತ್ತಿರಲಿಲ್ಲ. ನನ್ನ ಕ್ಯಾಮೆರಾ ಕಂಡರೆ ಸಾಕು, ಮದುವೆಮನೆಯವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಹಲ್ಲು ಕಿರಿದು ನಿಲ್ಲುತ್ತಿದ್ದರು. ಅವನು ಎದುರಿಗೇ ಬಂದು ಕೂತರೂ ತಮ್ಮ ಪಾಡಿಗೆ ಮಾತಾಡಿಕೊಂಡಿರುತ್ತಿದ್ದರು. ದೊಡ್ಡಬಳ್ಳಾಪುರದಲ್ಲಿ ಸ್ಟುಡಿಯೋ ನನ್ನದು, ಬೋರ್ಡಿನ ಮೇಲೆ ಹೆಸರು ನನ್ನದು. ಬುಕಿಂಗಿಗೆ ಬಂದವರು ಕೇಳುತ್ತಿದ್ದದ್ದು ಮಾತ್ರ, “ನಯಾಜಣ್ಣ ಬರ್ತಾರಲ್ವಾ?” ಹೊಟ್ಟೆ ಉರಿಯದೆ ಇರುತ್ತದೆಯೇ?

ಅವನ ವರಸೆಯೇ ಬೇರೆ. “ಮುಗೀತು, ಊಟಕ್ಕೆ ಹೋಗಿ” ಎನ್ನುತ್ತಿದ್ದ, ಕ್ಯಾಮೆರಾ ಮಾತ್ರ ಆರಿಸುತ್ತಿರಲಿಲ್ಲ. ಜನ ಉಸಿರುಬಿಟ್ಟು ತಾವು ತಾವಾಗುವುದು ಆಗಲೇ. ಆಮೇಲೆ ಅದನ್ನು ಅವರಿಗೇ ತೋರಿಸಿ, “ಇದನ್ನ ಇಟ್ಕೊಳ್ಲಾ, ತೆಗೀಲಾ?” ಎಂದು ಕೇಳುತ್ತಿದ್ದ. ಬೇಡ ಎಂದರೆ ಅಲ್ಲೇ ಅಳಿಸಿಬಿಡುತ್ತಿದ್ದ. ದೊಡ್ಡಬೆಳವಂಗಲದ ಮದುವೆಯೊಂದರಲ್ಲಿ, ಊರಿಗೆಲ್ಲ ಜೋರು ಮಾಡುವ ಗೌಡರು ಛತ್ರದ ಹಿಂದೆ ಒಬ್ಬರೇ ನಿಂತು ಮಗಳ ಚಪ್ಪಲಿಯನ್ನು ತಮ್ಮ ಟವೆಲ್ಲಿನಲ್ಲಿ ಒರೆಸುತ್ತಿದ್ದರು. ಅದು ಸಿಕ್ಕಿದ್ದು ಅವನಿಗೆ. ನಾನು ಒಳಗೆ ಐಸ್‌ಕ್ರೀಂ ಕೌಂಟರ್ ತೆಗೆಯುತ್ತಿದ್ದೆ. ಅದನ್ನು ನೋಡಿ ಗೌಡರು ಅವನ ಕೈ ಹಿಡಿದುಕೊಂಡು ಅತ್ತರು. ನನಗೆ, “ಊಟ ಆಯ್ತಾ?” ಎಂದರು.

ಮೊನ್ನೆಯ ಬೇಸಿಗೆಯಲ್ಲಿ ಗಡಿಯಲ್ಲಿ ಯುದ್ಧ ಶುರುವಾದಾಗ ಸಾಕ್ಷ್ಯಚಿತ್ರ ಮಾಡೋಣ ಎಂದವನು ನಾನೇ. ಬಾವುಟ, ಸೈರನ್, ಮೆರವಣಿಗೆ, ಎಲ್ಲ ಯೋಚಿಸಿಟ್ಟಿದ್ದೆ.

“ಅದೆಲ್ಲ ಟೀವೀಲಿ ಬರುತ್ತೆ ಗುರು,” ಎಂದ ನಯಾಜ್. “ನಾನು ಇಲ್ಲೇ ನಮ್ ಬೀದೀಲಿ ಸುತ್ತಾಡ್ತೀನಿ.”

ಸುತ್ತಾಡಿದ. ಟೀವಿಯ ಸದ್ದು ಆರಿಸಿ ಮಗ್ಗ ಓಡಿಸುವವರು, ಅರ್ಧ ಗಡ್ಡ ಬೋಳಿಸಿಕೊಂಡು ಸುದ್ದಿ ನೋಡಲು ಎದ್ದುನಿಂತವರು, ಇಂಥವನ್ನೇ ತುಂಬಿಕೊಂಡು ಬಂದ. ಇದೇನು ಮಹಾ, ಎಂದುಕೊಂಡೆ.

ನನ್ನ ತಮ್ಮ ಹರೀಶ ಸೈನ್ಯದಲ್ಲಿದ್ದಾನೆ. ಆ ದಿನಗಳಲ್ಲಿ ಅವನ ಫೋನು ಸಿಗುತ್ತಿರಲಿಲ್ಲ. ಪ್ರತಿವರ್ಷ ಅವನ ಪಾಲಿನದೆಂದು ಅಮ್ಮ ಉಪ್ಪಿನಕಾಯಿ ಹಾಕುತ್ತಾಳೆ. ಈ ಸಲ ತರಿಸಿದ ಮಾವಿನಕಾಯಿ ಬುಟ್ಟಿಯಲ್ಲೇ ಹಣ್ಣಾಗಿ ಕೊಳೆಯತೊಡಗಿತು. “ಏನಮ್ಮಾ ಇದು, ನೊಣ ಮುತ್ತುತ್ತಾ ಇದೆ,” ಎಂದು ರೇಗಿದೆ. ಅಮ್ಮ ಬುಟ್ಟಿಯನ್ನು ಮೂಲೆಗೆ ಸರಿಸಿದಳು.

ಯುದ್ಧ ನಿಲ್ಲುತ್ತದಂತೆ ಎಂಬ ಸುದ್ದಿ ಬಂದ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿ ಪಟಾಕಿ ಶೂಟ್ ಮಾಡುತ್ತಿದ್ದೆ. ನನ್ನನ್ನು ಹುಡುಕಿಕೊಂಡು ಮನೆಗೆ ಹೋದ ನಯಾಜನಿಗೆ ಕಂಡದ್ದು, ಪಕ್ಕದ ಮನೆಯಿಂದ ಹೊಸ ಕಾಯಿ ಇಸಿದುಕೊಂಡು ಈಳಿಗೆಮಣೆಯ ಮುಂದೆ ಕೂತ ಅಮ್ಮ. ಅವನೂ ಕ್ಯಾಮೆರಾ ಹಿಡಿದು ಅಲ್ಲೇ ನೆಲದ ಮೇಲೆ ಕೂತ.

“ಇಷ್ಟು ದಿನ ಯಾಕಮ್ಮಾ ಹೆಚ್ಲಿಲ್ಲ?”

“ಯಾರಿಗೇಂತ ಹಾಕ್ಲಪ್ಪಾ? ಈಳಿಗೆ ಮುಟ್ಟೋಕೇ ಮನಸ್ಸು ಬರ್ಲಿಲ್ಲ. ಈಗ ನಿಲ್ಲುತ್ತಂತಲ್ಲ, ಬರ್ತಾನೆ.”

ಅಷ್ಟೇ. ಅಮ್ಮನ ಕೈ, ಉಪ್ಪು, ಕಾಯಿ. ಹರೀಶ ಸಂಜೆ ಫೋನು ಮಾಡಿದ, ಕ್ಷೇಮವಾಗಿದ್ದ. ಆಮೇಲೆ ಚಿತ್ರವನ್ನು ಬೀದಿಯ ಗೋಡೆಗೆ ಪರದೆ ಕಟ್ಟಿ ತೋರಿಸಿದಾಗ ಜನ ಕಣ್ಣೊರೆಸಿಕೊಂಡು ನಯಾಜನ ಬೆನ್ನು ತಟ್ಟಿದರು. ನನ್ನ ಪಟಾಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಹೋಯಿತು. ನನ್ನ ಅಮ್ಮ, ನನ್ನ ತಮ್ಮ, ನಾನು ದಿನಾ ಕಾಫಿ ಕುಡಿಯುವ ಅಡುಗೆಮನೆ, ಹೆಸರು ಅವನಿಗೆ! ಉಂಡೂ ಹೋದ ಕೊಂಡೂ ಹೋದ ಅನ್ನುವುದು ಇದಕ್ಕೇ. ಅಂದು ರಾತ್ರಿ ಅಮ್ಮ ಅವನಿಗೆ ಇನ್ನೊಂದು ಮುದ್ದೆ ಇಕ್ಕುತ್ತಾ, “ಸೊರಗಿದ್ದೀಯಲ್ಲೋ,” ಎಂದಳು. ಪಕ್ಕದ ಎಲೆಯಲ್ಲಿ ನಾನಿದ್ದೆ.

ಮಾರನೆಯ ದಿನ ಟೀ ಅಂಗಡಿಯಲ್ಲಿ ಕೇಳಿಯೇಬಿಟ್ಟೆ. “ಅಷ್ಟು ಹೊತ್ತು ನಮ್ಮಮ್ಮನ ಜೊತೆ ಕೂತಿದ್ಯಲ್ಲ, ಬಾಯ್ತುಂಬ ಹರೀಶ ಹರೀಶ. ನನ್ ಹೆಸರು ಒಂದ್ಸಲಾನೂ ಬರ್ಲಿಲ್ವಾ?”

ನಯಾಜ್ ನಕ್ಕ. “ನಿಂದೇ ಜಾಸ್ತಿ ಕಣೋ ಮಂಜ. ಅದು ಬೇಡ ಅಂದ್ರು ಅಮ್ಮ, ಅಳಿಸ್ಬಿಟ್ಟೆ.”

“ಏನಂದ್ರು?”

“ಬೇಡ ಅಂದಿದ್ದನ್ನ ನಿನಗೆ ಹೇಳ್ಲಾ? ಹೋಗೋ! ಮನೇಲೇ ಇದಾರಲ್ಲ, ಕೇಳ್ಕೋ.” ಟೀ ಮುಗಿಸಿ ಬೈಕ್ ಹತ್ತಿದ. ಅದೇ ಕೊನೆ. ಶಿವಗಂಗೆಯ ಕಡೆ ಮದುವೆಯೊಂದನ್ನು ಮುಗಿಸಿಕೊಂಡು ಬಂದವನು ಎದೆನೋವೆಂದು ಮಲಗಿದ, ಏಳಲಿಲ್ಲ.

ಅವನ ಹೆಂಡತಿಯನ್ನು ತಬ್ಬಿಕೊಂಡು ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ದುಃಖ ಉಕ್ಕಿಬಂತು. ಆದರೂ, ನಾನು ಹೋದರೆ ಹೀಗೆ ಅಳುತ್ತಾಳಾ ಎಂಬ ಹಾಳು ಯೋಚನೆ ಅಲ್ಲೂ ಬಿಡಲಿಲ್ಲ. ಥೂ ನನ್ನ ಜನ್ಮಕ್ಕೆ!

ಮನೆಗೆ ಬಂದು, ಸ್ನಾನ ಮುಗಿಸಿ, ತಡೆಯಲಾರದೆ ಕೇಳಿದೆ. “ಅಮ್ಮಾ, ನಯಾಜನತ್ರ ನನ್ ಬಗ್ಗೆ ಏನ್ ಹೇಳಿದ್ದೆ?”

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ನಿನ್ನತ್ರ ಹೇಳೋ ಹಾಗಿದ್ದಿದ್ರೆ ಅವನತ್ರ ಯಾಕೋ ಹೇಳ್ತಿದ್ದೆ?”